ಕೇಳಿದರೆ ತಾನೆ ಹೇಳುವುದು?

ಊರಿನಿಂದ ಕಲಾವಿದರೊಬ್ಬರು ಬರುತ್ತಾರೆಂದರೆ ನಮ್ಮ ಸಂಘದವರಿಗೆ ಅದೊಂದು ಹಬ್ಬ. ವಿಮಾನ ನಿಲ್ದಾಣಕ್ಕೆ ಯಾರು ಹೋಗಬೇಕು, ಯಾರ ಮನೆಯಲ್ಲಿ ಇಳಿಸಿಕೊಳ್ಳಬೇಕು, ಶಾಲೆಯ ಸಭಾಂಗಣ ಎಷ್ಟು ಗಂಟೆಯವರೆಗೆ ಸಿಕ್ಕೀತು, ಬಿಸಿಬೇಳೆ ಭಾತು ಯಾರ ಪಾಲಿಗೆ, ಮೊಸರನ್ನ ಯಾರ ಪಾಲಿಗೆ – ಎಲ್ಲವೂ ತಿಂಗಳು ಮುಂಚೆಯೇ ನಿಶ್ಚಯವಾಗಿಬಿಡುತ್ತದೆ. ಕಾರ್ಯಕ್ರಮ ಮುಗಿದು, ತಟ್ಟೆ ಹಿಡಿದು ಕಲಾವಿದರ ಸುತ್ತ ಕುಳಿತಾಗ ಕೇಳಿಬರುವ ಪ್ರಶ್ನೆಗಳು ಬಹುಮಟ್ಟಿಗೆ ಮೂರು: ಪ್ರಯಾಣ ಸುಖವಾಯಿತೆ? ಈ ಅಮೆರಿಕ ಹೇಗನ್ನಿಸಿತು? ಚಳಿ ತಡೆಯುತ್ತೀರಾ? ಇವು ಮನೆಗೆ ಬಂದವರನ್ನು ಕೇಳುವ ಮರ್ಯಾದೆಯ ಪ್ರಶ್ನೆಗಳು, ಬೇಡವೆನ್ನುವುದಿಲ್ಲ. ಆದರೆ ಇವುಗಳ ನಂತರ ಇನ್ನೂ ನಾಲ್ಕು ಪ್ರಶ್ನೆಗಳಿಗೆ ಜಾಗವಿದೆ ಎಂಬುದು ನಮ್ಮ ವಿಚಾರ. ಈ ಲೇಖನ ಅದರ ಬಗ್ಗೆ.

ಕಲಾವಿದರಿಗೆ ಬಂದ ಪ್ರಶಸ್ತಿಗಳ ಪಟ್ಟಿ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಅವರ ಹಾಡು ಧ್ವನಿಮುದ್ರಿಕೆಯಲ್ಲಿರುತ್ತದೆ. ಈ ಎರಡರಲ್ಲೂ ಇಲ್ಲದ ಒಂದು ಸಂಗತಿಯಿದೆ: ಈ ವಿದ್ಯೆ ಅವರ ಕೈಗೆ ಯಾವ ದಾರಿಯಿಂದ ಬಂತು, ಅದಕ್ಕೆ ಅವರು ಏನು ಬೆಲೆ ಕೊಟ್ಟರು ಎಂಬುದು. ಅದು ಕೇಳಿದರೆ ಮಾತ್ರ ಸಿಗುತ್ತದೆ. “ಕಲೆಯೆಂದರೆ ಏನು?” ಎಂದು ಕೇಳಿದರೆ ವೇದಿಕೆಯ ಉತ್ತರ ಬರುತ್ತದೆ. “ಗುರುಗಳ ಮನೆಗೆ ದಿನಾ ಹೇಗೆ ಹೋಗುತ್ತಿದ್ದಿರಿ?” ಎಂದು ಕೇಳಿದರೆ ಬದುಕೇ ಬಿಚ್ಚಿಕೊಳ್ಳುತ್ತದೆ.

ಗಂಗೂಬಾಯಿ ಹಾನಗಲ್ (1913–2009) ಅವರನ್ನೇ ನೋಡಿ. ಅವರ ಗುರು ಸವಾಯಿ ಗಂಧರ್ವರು ಇದ್ದದ್ದು ಕುಂದಗೋಳದಲ್ಲಿ. ಗಂಗೂಬಾಯಿಯವರ ಮನೆ ಹುಬ್ಬಳ್ಳಿಯಲ್ಲಿ. ನಡುವೆ ಸುಮಾರು 20 ಕಿಲೋಮೀಟರು. ಸಂಸಾರ, ಮಕ್ಕಳು, ಕಚೇರಿಗಳು ಎಲ್ಲವನ್ನೂ ತೂಗಿಸಿಕೊಂಡು ಅವರು ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ರೈಲಿನಲ್ಲೇ ಹಿಂತಿರುಗುತ್ತಿದ್ದರು. ಗುರುಗಳೋ ಜಿಪುಣ ನಾಣ್ಯ ಎಣಿಸಿ ಕೊಟ್ಟಂತೆ ಸ್ವರ ಕೊಡುವವರು. ಒಂದೇ ತುಣುಕನ್ನು ಮತ್ತೆ ಮತ್ತೆ ಹಾಡಿಸುವರು. ಕೊಟ್ಟದ್ದು ಗಟ್ಟಿಯಾಗದೆ ಮುಂದಿನದು ಇಲ್ಲ. ಗಂಗೂಬಾಯಿಯವರ ಗಾಯನದಲ್ಲಿ ರಾಗ ಅವಸರವಿಲ್ಲದೆ, ಒಂದೊಂದೇ ಸ್ವರವಾಗಿ ಬಿಡಿಸಿಕೊಳ್ಳುತ್ತಿದ್ದುದನ್ನು ಕೇಳಿದವರಿಗೆಲ್ಲ ಗೊತ್ತು. ಆ ನಿಧಾನ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಆ ಪಾಠದ ಕೋಣೆಯ ವಿಷಯ ತಿಳಿದಿರಬೇಕು.

ಆ ದಾರಿಯಲ್ಲಿ ರೈಲಿನ ಹೊತ್ತಿಗಿಂತ ಕಠಿಣವಾದದ್ದೂ ಇತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿಯೂ ಒಬ್ಬರು. ಆ ದಿನ ತನ್ನ ಮನಸ್ಸಿನಲ್ಲಿದ್ದ ಹೆದರಿಕೆ ಹಾಡಿನದಲ್ಲ, ಊಟವಾದ ಮೇಲೆ ಎಂಜಲೆಲೆ ತೆಗೆಯಲು ಹೇಳಿಯಾರು ಎಂಬುದು, ಎಂದು ಅವರು ಎಷ್ಟೋ ವರ್ಷದ ಮೇಲೆ ನೆನೆಸಿಕೊಂಡಿದ್ದರು. ಹಾಡುವ ಗಂಡಸು ಮುಸಲ್ಮಾನನಾದರೆ ‘ಉಸ್ತಾದ್’, ಹಿಂದುವಾದರೆ ‘ಪಂಡಿತ್’ ಆಗುತ್ತಾನೆ, ಹೆಂಗಸು ಎಷ್ಟೇ ದೊಡ್ಡ ಗಾಯಕಿಯಾದರೂ ‘ಬಾಯಿ’ಯಾಗಿಯೇ ಉಳಿಯುತ್ತಾಳೆ ಎಂದೂ ನಗುತ್ತಲೇ ಹೇಳುತ್ತಿದ್ದರು. ಇಂಥ ಮಾತು ಸನ್ಮಾನ ಪತ್ರದಲ್ಲಿ ಸಿಗುವುದಿಲ್ಲ. ಯಾರೋ ಹತ್ತಿರ ಕುಳಿತು, ಕೇಳಿ, ಕೇಳಿಸಿಕೊಂಡದ್ದರಿಂದ ಉಳಿಯಿತು.

ಅದೇ ಗುರುಗಳ ಇನ್ನೊಬ್ಬ ಶಿಷ್ಯರು ಭೀಮಸೇನ ಜೋಶಿ (1922–2011). ಅವರದೂ ರೈಲಿನ ಕಥೆಯೇ, ಆದರೆ ದಿಕ್ಕು ಬೇರೆ. 1933ರಲ್ಲಿ, 11 ವರ್ಷದ ಹುಡುಗ ಗದಗಿನಿಂದ ಮನೆ ಬಿಟ್ಟು, ಕೈಯಲ್ಲಿ ಕಾಸಿಲ್ಲದೆ, ಪ್ರಯಾಣಿಕರಿಗೆ ಹಾಡಿ ತೋರಿಸುತ್ತ ಗುರುವನ್ನು ಹುಡುಕಿಕೊಂಡು ಉತ್ತರ ಹಿಂದೂಸ್ಥಾನವೆಲ್ಲ ಸುತ್ತಿದರು. ಗ್ವಾಲಿಯರು ಆಯಿತು, ಜಲಂಧರವೂ ಆಯಿತು. ಅಲ್ಲಿ ಸಂಗೀತಗಾರ ವಿನಾಯಕರಾವ್ ಪಟವರ್ಧನರು ಹುಡುಗನ ಊರು ಯಾವುದೆಂದು ತಿಳಿದು, ಸವಾಯಿ ಗಂಧರ್ವರು ನಿಮ್ಮೂರ ಮಗ್ಗುಲಲ್ಲೇ ಇರುವಾಗ ಇಲ್ಲೇನು ಮಾಡುತ್ತಿದ್ದೀಯೆ ಎಂದರಂತೆ! ಹುಡುಗ ಹಿಂತಿರುಗಿದ, 1936ರಲ್ಲಿ ಕುಂದಗೋಳಕ್ಕೆ ಬಂದು ಗುರುಗಳ ಮನೆಯಲ್ಲಿ ನೀರು ಹೊರುತ್ತ ವಿದ್ಯೆ ಕಲಿತ. ಹಾಗೆಂದು ಆ ತಿರುಗಾಟ ವ್ಯರ್ಥವಾಯಿತೆ? ನಮಗೆ ಹಾಗನ್ನಿಸುವುದಿಲ್ಲ. ದಾರಿಯುದ್ದಕ್ಕೂ ಕಿವಿಗೆ ಬಿದ್ದದ್ದು ಒಂದಲ್ಲ ಒಂದು ಹೊತ್ತಿಗೆ ಗಂಟಲಿಗೆ ಬರುತ್ತದೆ.

ಧಾರವಾಡದ ಮಲ್ಲಿಕಾರ್ಜುನ ಮನಸೂರರು (1910–1992) ಮತ್ತೊಂದು ಬಗೆ. ಚಿಕ್ಕಂದಿನಲ್ಲಿ ನಾಟಕ ಮಂಡಳಿಯಲ್ಲಿ ಹಾಡಿ, ಮುಂದೆ ಮಿರಜಿನ ನೀಲಕಂಠ ಬುವಾ ಅವರಲ್ಲಿ ಕಲಿತು, ಗ್ರಾಮಫೋನ್ ತಟ್ಟೆಗಳಿಂದ ಮನೆಮಾತಾಗಿದ್ದವರು 1930ರ ದಶಕದಲ್ಲಿ ಮಂಜಿಖಾನರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. 1937ರಲ್ಲಿ ಮಂಜಿಖಾನರು ತೀರಿಕೊಂಡಾಗ ಅವರ ತಮ್ಮ ಭುರ್ಜಿಖಾನರಲ್ಲಿ ಪಾಠ ಮುಂದುವರಿಸಿದರು. ಹೆಸರು ಬಂದ ಮೇಲೆ ಮತ್ತೆ ಚಾಪೆಯ ಮೇಲೆ ಕೂರಲು ಎಂಥ ಮನಸ್ಸು ಬೇಕು? ಈ ದೇಶದಲ್ಲಿ ಪದವಿಯ ಮೇಲೆ ಪದವಿ ಪಡೆದ ನಮ್ಮಂಥವರು ಯಾವ ಕಲಾವಿದರನ್ನಾದರೂ ಕೇಳಬಹುದಾದ ಪ್ರಶ್ನೆ ಇದು. ಮನಸೂರರ ಉತ್ತರ ಅವರ ಆತ್ಮಕಥೆ ‘ನನ್ನ ರಸಯಾತ್ರೆ’ಯಲ್ಲಿದೆ, ಓದಬಹುದು. ಪುಸ್ತಕ ಬರೆಯದವರ ಉತ್ತರವನ್ನು ಎಲ್ಲಿ ಓದುವುದು?

ಸಂಗೀತಗಾರರ ಮಾತಾಯಿತು. ಬರಹಗಾರರಿಗೆ ರೈಲು, ಗುರುಕುಲ ಇಲ್ಲದಿರಬಹುದು, ಆದರೆ ಅವರಿಗೂ ಒಂದು ದಾರಿಯಿದೆ. ಅವರನ್ನು ಕೇಳಬೇಕಾದ ಸಣ್ಣ ಪ್ರಶ್ನೆ: “ಇದು ನಿಮಗೆ ಯಾವ ಭಾಷೆಯಲ್ಲಿ ಬಂತು?” ಗಿರೀಶ ಕಾರ್ನಾಡರು (1938–2019) 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟಾಗ ಇಂಗ್ಲಿಷ್ ಕವಿಯಾಗಬೇಕೆಂಬ ಆಸೆಯಲ್ಲಿದ್ದರು. ಮನೆಯವರಿಗೆ ಮಗ ಹಿಂತಿರುಗುತ್ತಾನೋ ಇಲ್ಲವೋ, ಅಲ್ಲಿಯೇ ಮದುವೆಯಾಗಿಬಿಡುತ್ತಾನೋ ಎಂಬ ಆತಂಕ. ಆ ಒತ್ತಡದ ದಿನಗಳಲ್ಲಿ ಬರೆಯಲು ಕುಳಿತರೆ ಬಂದದ್ದು ಕವಿತೆಯಲ್ಲ, ನಾಟಕ, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ಅದೂ ತಂದೆಯ ಮುಪ್ಪನ್ನು ಹೊತ್ತುಕೊಳ್ಳುವ ಮಗನ ಕಥೆ ‘ಯಯಾತಿ’! 1961ರಲ್ಲಿ ಅದನ್ನು ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು. ಕಡಲು ದಾಟಿ ಬಂದ ನಮಗೆ ಆ ನಾಟಕದ ಹಿನ್ನೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಅಪ್ಪ ಅಮ್ಮಂದಿರ ಕಾಗದಗಳನ್ನು ಇಟ್ಟುಕೊಂಡವರಿಗೆಲ್ಲ ಅದು ಗೊತ್ತು.

ಎ. ಕೆ. ರಾಮಾನುಜನ್ (1929–1993) ಅವರಂತೂ ನಮ್ಮ ನೆರೆಯವರೇ. ಮೈಸೂರಿನಲ್ಲಿ ಹುಟ್ಟಿ, 1959ರಲ್ಲಿ ಈ ದೇಶಕ್ಕೆ ಬಂದು, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಪಾಠ ಹೇಳಿದರು. ಅವರ ಮನೆಯಲ್ಲಿ ಅಡಿಗೆಮನೆಗೆ ತಮಿಳು, ಗಣಿತದ ಪ್ರಾಧ್ಯಾಪಕರಾದ ತಂದೆಯ ಮಹಡಿಯ ಕೋಣೆಗೆ ಇಂಗ್ಲಿಷು, ಹೊರಗೆ ಬೀದಿಗೆ ಕನ್ನಡ. ಮೂರು ಭಾಷೆಯ ನಡುವೆ ಮೆಟ್ಟಲು ಹತ್ತಿ ಇಳಿದ ಹುಡುಗ ಮುಂದೆ ಅನುವಾದಕನಾದದ್ದರಲ್ಲಿ ಆಶ್ಚರ್ಯವೇನು? 1962ರ ಒಂದು ಶನಿವಾರ ಶಿಕಾಗೋದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ವ್ಯಾಕರಣ ಹುಡುಕುತ್ತಿದ್ದಾಗ ಸಂಗಂ ಕಾಲದ ಕವಿತೆಗಳು ಅವರ ಕೈಗೆ ಸಿಕ್ಕವು. ಊರಿನಲ್ಲಿ ಸಿಗದ ನಿಧಿ ಪರದೇಶದ ನೆಲಮಾಳಿಗೆಯಲ್ಲಿ! ನಮ್ಮ ವಚನಗಳನ್ನು 1973ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದವರು ಇವರೇ.

ಈ ಇಬ್ಬರ ಮಾತುಕತೆಯಿಂದಲೇ ಒಂದು ನಾಟಕ ಹುಟ್ಟಿದೆ. ರಾಮಾನುಜನ್ ಅವರು ಕಾರ್ನಾಡರಿಗೆ ಕರ್ನಾಟಕದ ಎರಡು ಜನಪದ ಕಥೆಗಳನ್ನು ಹೇಳಿದ್ದರು. ಅವೆರಡೂ ಸೇರಿ ‘ನಾಗಮಂಡಲ’ವಾಯಿತು. ಕಾರ್ನಾಡರು 1987–88ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ ಅದರ ಇಂಗ್ಲಿಷ್ ರೂಪ ಅಲ್ಲಿನ ವಿದ್ಯಾರ್ಥಿಗಳ ರಂಗದ ಮೇಲೆ ಬಂತು. 1993ರಲ್ಲಿ ಮಿನಿಯಾಪೊಲಿಸಿನ ಗತ್ರಿ ರಂಗಮಂದಿರದಲ್ಲೂ ಪ್ರಯೋಗವಾಯಿತು. ಒಬ್ಬರು ಹೇಳಿದರು, ಇನ್ನೊಬ್ಬರು ಕೇಳಿದರು. ಆದದ್ದು ಇಷ್ಟು.

ಆ ಎರಡು ಕಥೆಗಳಲ್ಲಿ ಒಂದು ನಮ್ಮ ವಿಷಯಕ್ಕೇ ಹೇಳಿ ಮಾಡಿಸಿದಂತಿದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಆಕೆ ಅದನ್ನು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರು ಕಟ್ಟಿದ ಅವೆರಡೂ ಆಕೆ ಮಲಗಿದ್ದಾಗ ಬಾಯಿಂದ ತಪ್ಪಿಸಿಕೊಂಡು ಹೊರಬಂದವು. ಒಂದು ಅಂಗಿಯಾಗಿ ಗೂಟಕ್ಕೆ ನೇತುಬಿತ್ತು, ಇನ್ನೊಂದು ಜೋಡಾಗಿ ಬಾಗಿಲ ಬಳಿ ಕುಳಿತಿತು. ಗಂಡ ಬಂದು ಇದು ಯಾರದೆಂದು ಕೇಳಿದ. ಆಕೆ ತಿಳಿಯದೆಂದಳು. ಜಗಳವಾಯಿತು. ಆತ ಮುನಿದು ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಆ ಕುಡಿಗಳು ಗುಡಿಯಲ್ಲಿ ಸೇರಿ ಹರಟುವ ಪದ್ಧತಿ. ಅವನ ಮನೆಯ ದೀಪ ತಡವಾಗಿ ಬಂದು ಕಾರಣ ಹೇಳಿತು. ಅವನಿಗೆ ಸತ್ಯ ತಿಳಿಯಿತು. ಬೆಳಗ್ಗೆ ಬಂದು ಹೆಂಡತಿಯನ್ನು ಆ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದ. ಅಷ್ಟರಲ್ಲಿ ಆಕೆಗೆ ಎರಡೂ ಮರೆತುಹೋಗಿದ್ದವು.

ಕಥೆಯ ಕೊನೆಯನ್ನು ಗಮನಿಸಿ. ಆತ ಕೇಳಿದ, ಆದರೆ ಹೊತ್ತು ಮೀರಿ ಕೇಳಿದ. ಈ ಹಿಮದ ನಾಡಿನಲ್ಲಿ ನಮ್ಮ ಪ್ರತಿಯೊಂದು ಬಾಗಿಲ ಬಳಿಯೂ ಗೂಟಕ್ಕೆ ಕೋಟು, ಕೆಳಗೆ ಜೋಡು ಇದ್ದೇ ಇರುತ್ತವೆ. ಮಕ್ಕಳನ್ನು ನೋಡಲೆಂದು ಆರು ತಿಂಗಳಿಗೆ ಬರುವ ತಂದೆ ತಾಯಿಗಳ ಕೋಟೂ ಅಲ್ಲಿರುತ್ತದೆ. ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಕಿಟಕಿಯ ಬಳಿ ಕೂರುವ ಆ ಹಿರಿಯರಲ್ಲಿ ಸೋಬಾನೆ ಹಾಡುವವರಿರುತ್ತಾರೆ, ಕೌದಿ ಹೊಲಿಯುವವರಿರುತ್ತಾರೆ, ಕಂಪನಿ ನಾಟಕದಲ್ಲಿ ಬಣ್ಣ ಹಚ್ಚಿದವರು, ಯಕ್ಷಗಾನದ ತಾಳ ಕಲಿತವರು, ಗಮಕ ವಾಚನ ಮಾಡಿದವರು ಇರುತ್ತಾರೆ. ವೇದಿಕೆ ಹತ್ತದಿದ್ದರೇನು, ಅವರೂ ಕಲಾವಿದರೇ. ಸನ್ಮಾನಕ್ಕೆ ಬಂದವರ ಮಾತು ಪತ್ರಿಕೆಗಳಲ್ಲಾದರೂ ಉಳಿದೀತು. ಇವರ ಮಾತು ಉಳಿಯುವುದು ನಾವು ಕೇಳಿದರೆ ಮಾತ್ರ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇದು. ಒಂದು ಭಾನುವಾರ ಮಧ್ಯಾಹ್ನ, ಕಾಫಿಯಾದ ಮೇಲೆ, ಮನೆಯ ಹಿರಿಯರ ಅಥವಾ ಅತಿಥಿ ಕಲಾವಿದರ ಬಳಿ ಕುಳಿತು ಕೇಳಿ. ಮೊದಲು ಕಲಿಸಿದವರು ಯಾರು? ಅವರ ಮನೆಗೆ ಹೇಗೆ ಹೋಗುತ್ತಿದ್ದಿರಿ, ಎಷ್ಟು ಹೊತ್ತಿಗೆ? ಬೈಗುಳ ತಿಂದದ್ದು ಯಾವುದಕ್ಕೆ? ಮನೆಯಲ್ಲಿ ಯಾರು ಬೇಡವೆಂದರು, ಯಾರು ಕದ್ದು ಕಾಸು ಕೊಟ್ಟರು? ಬಿಟ್ಟುಬಿಡೋಣ ಎನ್ನಿಸಿದ್ದು ಯಾವಾಗ? ಕೈಯಿಂದ ಮಾಡುವ ಕೆಲಸವಾದರೆ ಮಾಡಿ ತೋರಿಸಿರೆನ್ನಿ. ಬಾಯಿಗೆ ಬಾರದ್ದು ಬೆರಳಿಗೆ ನೆನಪಿರುತ್ತದೆ. ಅವರು ಧಾರವಾಡದ ಕನ್ನಡ ಆಡಿದರೆ ಧಾರವಾಡದ್ದೇ ಇರಲಿ, ಕುಂದಾಪುರದ್ದಾದರೆ ಕುಂದಾಪುರದ್ದೇ ಇರಲಿ, ತಿದ್ದುವುದು ಬೇಡ. ಈಗ ಎಲ್ಲರ ಜೇಬಿನಲ್ಲೂ ಧ್ವನಿಮುದ್ರಣ ಮಾಡುವ ಫೋನಿದೆ. ಅವರ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳಿ. ತಾರೀಖು, ಊರು, ಯಾರ ಧ್ವನಿ ಎಂಬುದನ್ನು ಮೊದಲಲ್ಲೇ ಹೇಳಿಸಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಎಷ್ಟೋ ಸಲ ಒಳ್ಳೆಯ ಪ್ರಶ್ನೆ ಬರುವುದು ಅವರಿಂದಲೇ.

ಕೇಳಿದ್ದರಲ್ಲಿ ಎರಡು ಪುಟದಷ್ಟನ್ನು ಬರೆದು ನಮಗೆ ಕಳುಹಿಸಿ. ಅಕ್ಷರ ಚೆನ್ನಾಗಿಲ್ಲವೆಂದು ಸಂಕೋಚ ಬೇಡ, ಓದಿಕೊಳ್ಳುತ್ತೇವೆ. ಮುಂದಿನ ಸಂಚಿಕೆಯಲ್ಲಿ ಜಾಗ ಬಿಟ್ಟಿರುತ್ತೇವೆ.