ಉಪಾಧ್ಯಾಯನ ಸನ್ನದು

ವಕೀಲನಿಗೆ ಸನ್ನದು ಬೇಕು. ವೈದ್ಯನಿಗೆ ರಿಜಿಸ್ಟರಿನಲ್ಲಿ ಹೆಸರಿರಬೇಕು. ಬಾಡಿಗೆಯ ಮೋಟಾರು ನಡೆಸುವವನಿಗೂ ಲೈಸೆನ್ಸು ಇರಬೇಕು. ಹೀಗಿರುವಲ್ಲಿ, ನಮ್ಮ ಮಕ್ಕಳನ್ನು ದಿನಕ್ಕೆ ಐದಾರು ಗಂಟೆಗಳ ಕಾಲ ತನ್ನ ವಶದಲ್ಲಿಟ್ಟುಕೊಳ್ಳುವ ಉಪಾಧ್ಯಾಯನಿಗೆ ಆ ಅಧಿಕಾರವನ್ನು ಕೊಟ್ಟವರು ಯಾರು? ತಂದೆತಾಯಿಗಳು ಈ ಪ್ರಶ್ನೆಯನ್ನು ಕೇಳುವುದು ಅಪೂರ್ವ. ಶಾಲೆಯ ಫೀಜು ಎಷ್ಟೆಂದು ವಿಚಾರಿಸುತ್ತೇವೆ, ಬಸ್ಸು ಎಷ್ಟು ಹೊತ್ತಿಗೆ ಬರುವುದೆಂದು ವಿಚಾರಿಸುತ್ತೇವೆ. ಪಾಠ ಹೇಳುವವರ ಯೋಗ್ಯತೆಯನ್ನು ಯಾರು, ಹೇಗೆ ನಿರ್ಣಯಿಸಿದರೆಂಬುದನ್ನು ಮಾತ್ರ ಸರ್ಕಾರದ ಮೇಲೆ ಹಾಕಿ ನಿಶ್ಚಿಂತರಾಗಿರುತ್ತೇವೆ. ಸರ್ಕಾರವು ಆ ಹೊಣೆಯನ್ನು ಹೇಗೆ ಹೊತ್ತಿದೆಯೆಂಬುದನ್ನು ಈ ಹೊತ್ತು ಶ್ರೋತೃಗಳ ಮುಂದಿಡುವುದು ನಮ್ಮ ಉದ್ದೇಶ.

ಮೊದಲಿಗೆ ಹೇಳಬೇಕಾದ ಮಾತೆಂದರೆ, ನಮ್ಮ ದೇಶದಲ್ಲಿ ಉಪಾಧ್ಯಾಯನಿಗೆ ಒಂದೇ ಕೈ ಬರೆದುಕೊಡುವ ಸನ್ನದು ಎಂಬುದು ಇಲ್ಲ. ಇರುವುದು ನಾಲ್ಕಾರು ಕೈಗಳ ರುಜು. ಟ್ರೇನಿಂಗ್ ಕಾಲೇಜನ್ನು ನಡೆಸಲು ಮನ್ನಣೆ ಕೊಡುವುದು ದೆಹಲಿಯಲ್ಲಿರುವ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು. ಅಲ್ಲಿ ಕಲಿತವನಿಗೆ ಬಿ.ಎಡ್. ಪದವಿಯನ್ನು ಕೊಡುವುದು ವಿಶ್ವವಿದ್ಯಾನಿಲಯ. ಪ್ರಾಥಮಿಕ ಶಾಲೆಗೆ ಹೋಗುವವರ ಡಿ.ಎಲ್.ಎಡ್. ಪರೀಕ್ಷೆಯನ್ನು ಕರ್ನಾಟಕದಲ್ಲಿ ನಡೆಸುವುದು ಶಾಲಾ ಪರೀಕ್ಷೆಗಳ ಮಂಡಲಿ. ಇವೆರಡರಲ್ಲಿ ಯಾವುದನ್ನು ಮುಗಿಸಿದ್ದರೂ ಎಂಟನೆಯ ತರಗತಿಯವರೆಗೆ ಕಲಿಸಲು ಬರೆಯಲೇಬೇಕಾದ ಅರ್ಹತಾ ಪರೀಕ್ಷೆಯನ್ನು ರಾಜ್ಯದಲ್ಲಿ ನಡೆಸುವುದು ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ. ಕೊನೆಗೆ ಕೆಲಸ ಕೊಡುವುದು ಸರ್ಕಾರಿ ಶಾಲೆಗಾದರೆ ಇಲಾಖೆ, ಖಾಸಗಿ ಶಾಲೆಗಾದರೆ ಅದರ ಆಡಳಿತ ಮಂಡಲಿ.

ಉಪಾಧ್ಯಾಯವೃತ್ತಿಗೆ ಪರೀಕ್ಷೆಯೊಂದಿರಬೇಕೆಂಬ ಆಲೋಚನೆ ಹೊಸದಲ್ಲ. 1882ರಲ್ಲಿ ನೇಮಕವಾದ ಹಂಟರ್ ಆಯೋಗವೇ, ಬೋಧನೆಯ ತತ್ವದಲ್ಲಿಯೂ ಪ್ರಯೋಗದಲ್ಲಿಯೂ ಪರೀಕ್ಷೆ ನಡೆಸಿ, ಅದರಲ್ಲಿ ತೇರ್ಗಡೆಯಾದವರಿಗೆ ಮಾತ್ರ ಪ್ರೌಢಶಾಲೆಗಳಲ್ಲಿ ಕಾಯಂ ಕೆಲಸ ಕೊಡತಕ್ಕದ್ದೆಂದು ಶಿಫಾರಸು ಮಾಡಿತ್ತು. ತತ್ವ, ಪ್ರಯೋಗ ಎಂಬ ಈ ಎರಡು ಮಾತುಗಳನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮೇಲೆ ಹೇಳಿದ ಪರಿಷತ್ತು ಹುಟ್ಟಿದ್ದು ಬಹಳ ತಡವಾಗಿ, 1973ರಲ್ಲಿ. ಅದೂ ಕೇವಲ ಸಲಹೆ ಕೊಡುವ ಸಭೆಯಾಗಿ. ಸಲಹೆಯನ್ನು ಯಾರೂ ಕೇಳದಿದ್ದರೆ ಮಾಡುವುದೇನು? ಟ್ರೇನಿಂಗ್ ಸಂಸ್ಥೆಗಳು ಬೀದಿಬೀದಿಗೆ ತಲೆಯೆತ್ತತೊಡಗಿದ ಮೇಲೆ 1993ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ ಅದಕ್ಕೆ ಶಾಸನಬಲವನ್ನು ಕೊಟ್ಟಿತು. 1995ರಿಂದ ಅದು ಅಧಿಕಾರವುಳ್ಳ ಸಂಸ್ಥೆಯಾಗಿ ಕೆಲಸಕ್ಕೆ ತೊಡಗಿತು.

ಆ ಅಧಿಕಾರ ಸಣ್ಣದಲ್ಲ. ಪರಿಷತ್ತಿನ ಮನ್ನಣೆಯಿಲ್ಲದ ಸಂಸ್ಥೆಗೆ ವಿಶ್ವವಿದ್ಯಾನಿಲಯವು ಸಂಯೋಜನೆ ಕೊಡುವಂತಿಲ್ಲ, ಪರೀಕ್ಷೆ ನಡೆಸುವಂತಿಲ್ಲ. ಅಲ್ಲಿಂದ ಹೊರಬಿದ್ದವನ ಪದವಿ ಸರ್ಕಾರಿ ನೌಕರಿಗೆ ನಡೆಯುವುದಿಲ್ಲ. ಸಂಸ್ಥೆಯು ಅರ್ಜಿ ಹಾಕಿದರೆ ಪ್ರಾಂತೀಯ ಸಮಿತಿಯು ರಾಜ್ಯ ಸರ್ಕಾರದ ಅಭಿಪ್ರಾಯವನ್ನು ಪಡೆಯುತ್ತದೆ, ತಪಾಸಣೆಗೆ ಜನರನ್ನು ಕಳುಹಿಸುತ್ತದೆ. ತಪ್ಪು ಕಂಡುಬಂದರೆ ಕೊಟ್ಟ ಮನ್ನಣೆಯನ್ನು ಹಿಂದಕ್ಕೆ ಪಡೆಯುವ ಹಕ್ಕೂ ಉಂಟು. ತಪಾಸಣೆಗೆ ಹೋದವರು ನೋಡುವುದೇನನ್ನು? 2014ರ ನಿಯಮಗಳನ್ನು ತೆರೆದು ನೋಡಿದರೆ, ಬಿ.ಎಡ್. ಕಾಲೇಜಿಗೆ 2500 ಚದರ ಮೀಟರ್ ನೆಲವಿರಬೇಕು, ಅದರಲ್ಲಿ 1500 ಚದರ ಮೀಟರ್ ಕಟ್ಟಡವಿರಬೇಕು ಎಂದಿದೆ. ಪುಸ್ತಕಗಳ ಲೆಕ್ಕವಿದೆ, ಅಧ್ಯಾಪಕರ ಸಂಖ್ಯೆಯ ಲೆಕ್ಕವಿದೆ. ಇವೆಲ್ಲ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ನೆಲವನ್ನು ಅಳೆಯುವುದು ಸುಲಭ. ಆ ನೆಲದ ಮೇಲಿನ ಕೊಠಡಿಯಲ್ಲಿ ಪಾಠ ನಡೆಯುತ್ತಿದೆಯೇ, ಪಟ್ಟಿಯಲ್ಲಿ ಹೆಸರಿರುವ ಅಧ್ಯಾಪಕ ತಪಾಸಣೆಯ ಮರುದಿನವೂ ಬರುತ್ತಾನೆಯೇ ಎಂಬುದು ಅಳತೆಯ ಪಟ್ಟಿಗೆ ಸಿಕ್ಕುವುದಿಲ್ಲ.

ಇದು ಬರಿಯ ಸಂಶಯವಲ್ಲ. ಸುಪ್ರೀಮ್ ಕೋರ್ಟು ನೇಮಿಸಿದ, ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಅಧ್ಯಕ್ಷತೆಯ ಆಯೋಗವು 2012ರಲ್ಲಿ ವರದಿ ಒಪ್ಪಿಸಿತು. ಆ ವರದಿಯನ್ನಾಧರಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆಡಿರುವ ಮಾತು ಕಟುವಾಗಿದೆ: ಉಪಾಧ್ಯಾಯ ಶಿಕ್ಷಣವೊಂದನ್ನೇ ನಡೆಸುವ ಪ್ರತ್ಯೇಕ ಸಂಸ್ಥೆಗಳು 10,000ಕ್ಕೂ ಹೆಚ್ಚಿದ್ದು, ಅವುಗಳಲ್ಲಿ ಬಹುಪಾಲು ಕಲಿಸುವ ಗೋಜಿಗೇ ಹೋಗದೆ ಪದವಿಯನ್ನು ಹಣಕ್ಕೆ ಮಾರುತ್ತಿವೆಯಂತೆ. ಸರ್ಕಾರವೇ ತನ್ನ ನೀತಿಪತ್ರದಲ್ಲಿ ಹೀಗೆ ಬರೆದುಕೊಂಡ ಮೇಲೆ ನಾವು ಸೇರಿಸಬೇಕಾದದ್ದೇನೂ ಇಲ್ಲ. ಆ ಸಂಸ್ಥೆಗಳೆಲ್ಲ ಮನ್ನಣೆ ಪಡೆದವುಗಳೇ ಎಂಬುದೊಂದನ್ನು ಮಾತ್ರ ಮರೆಯಬಾರದು.

ಪದವಿಯ ಮೇಲೆ ಇಟ್ಟ ನಂಬಿಕೆ ಹೀಗೆ ಸಡಿಲವಾದಾಗ ಬಂದದ್ದು ಅರ್ಹತಾ ಪರೀಕ್ಷೆ. ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರ 23ನೆಯ ಪ್ರಕರಣದ ಮೇರೆಗೆ, ಅದೇ ವರ್ಷದ ಆಗಸ್ಟ್ 23ರಂದು ಪರಿಷತ್ತು ಒಂದರಿಂದ ಎಂಟನೆಯ ತರಗತಿಯವರೆಗಿನ ಉಪಾಧ್ಯಾಯರಿಗೆ ಕನಿಷ್ಠ ಅರ್ಹತೆಯನ್ನು ಗೊತ್ತುಮಾಡಿ, ಟಿ.ಇ.ಟಿ. ಎಂಬ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಒಂದರಿಂದ ಐದನೆಯ ತರಗತಿಗೆ ಒಂದು ಪತ್ರಿಕೆ, ಆರರಿಂದ ಎಂಟಕ್ಕೆ ಇನ್ನೊಂದು. 150 ಪ್ರಶ್ನೆ, 150 ನಿಮಿಷ. ನೂರಕ್ಕೆ 60 ಅಂಕ ಬಂದರೆ ತೇರ್ಗಡೆ, ಮೀಸಲು ವರ್ಗಗಳಿಗೆ ಕೊಂಚ ವಿನಾಯಿತಿ. ಮೊದಲು ಇದರ ಪ್ರಮಾಣಪತ್ರಕ್ಕೆ ಏಳು ವರ್ಷದ ಆಯುಸ್ಸಿತ್ತು. 2021ರಲ್ಲಿ ಅದನ್ನು ಜೀವಮಾನಪರ್ಯಂತ ಎಂದು ಮಾಡಲಾಯಿತು. ಪರೀಕ್ಷೆ ಕಠಿನವಾದದ್ದೇ, ಪದವಿಯನ್ನು ಕೊಂಡುತಂದವನು ಇಲ್ಲಿ ಸಾಮಾನ್ಯವಾಗಿ ಎಡವುತ್ತಾನೆ. ಆ ಮಟ್ಟಿಗೆ ಇದು ಉಪಕಾರವನ್ನೇ ಮಾಡಿದೆ.

ಆದರೆ ಈ ಪರೀಕ್ಷೆಯ ಸ್ವರೂಪವನ್ನು ನೋಡಿ. ನಾಲ್ಕು ಉತ್ತರಗಳಲ್ಲಿ ಸರಿಯಾದುದೊಂದನ್ನು ಗುರುತು ಮಾಡುವುದು, ಅಷ್ಟೇ. ಶಿಶುಮನಸ್ಸಿನ ಬೆಳವಣಿಗೆಯ ಮೇಲೆ 30 ಪ್ರಶ್ನೆಗಳುಂಟು; ಶಿಶು ಮಾತ್ರ ಎಲ್ಲಿಯೂ ಇಲ್ಲ. ಹಂಟರ್ ಆಯೋಗ ಹೇಳಿದ ಎರಡರಲ್ಲಿ ತತ್ವ ಉಳಿಯಿತು, ಪ್ರಯೋಗ ಜಾರಿಹೋಯಿತು. ಭಾಗಾಕಾರ ತಿಳಿಯದೆ ಕಣ್ಣೀರಿಡುತ್ತಿರುವ ಹುಡುಗಿಯ ಪಕ್ಕದಲ್ಲಿ ಕುಳಿತು ಈ ಅಭ್ಯರ್ಥಿ ಏನು ಮಾಡುತ್ತಾನೆ? ನಲವತ್ತು ಮಕ್ಕಳಲ್ಲಿ ಹಿಂದಿನ ಬೆಂಚಿನ ಹತ್ತು ಮಂದಿ ಅವನ ಕಣ್ಣಿಗೆ ಬೀಳುತ್ತಾರೆಯೇ? ಇದನ್ನು ನೋಡುವ ಅವಕಾಶವಿರುವುದು ಟ್ರೇನಿಂಗ್ ಕಾಲದಲ್ಲಿ ಮಾತ್ರ. 2014ರ ನಿಯಮಗಳು ಬಿ.ಎಡ್. ತರಬೇತಿಯನ್ನು ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಿ, ಅದರಲ್ಲಿ 20 ವಾರಗಳನ್ನು ಶಾಲೆಯಲ್ಲಿಯೇ ಕಳೆಯಬೇಕೆಂದು ವಿಧಿಸಿದವು. ಒಳ್ಳೆಯ ನಿಯಮ. ಆದರೆ ಆ 20 ವಾರ ನಡೆಯಿತೆಂಬುದಕ್ಕೆ ಸಾಕ್ಷಿ ಅದೇ ಕಾಲೇಜಿನವರು ಬರೆದ ದಾಖಲೆ ಪುಸ್ತಕ. ಹೀಗಾಗಿ, ದೆಹಲಿಯ ಪರಿಷತ್ತು ಕಟ್ಟಡವನ್ನು ಕಂಡಿದೆ, ರಾಜ್ಯದ ಘಟಕ ಉತ್ತರಪತ್ರಿಕೆಯನ್ನು ಕಂಡಿದೆ. ಮಕ್ಕಳ ಮುಂದೆ ನಿಂತ ಉಪಾಧ್ಯಾಯನನ್ನು ಮಾತ್ರ ಹೊರಗಿನವರು ಯಾರೂ ಕಂಡಿಲ್ಲ. ಇದೇ ಈ ವ್ಯವಸ್ಥೆಯ ದೊಡ್ಡ ಬಿರುಕು ಎಂಬುದು ನಮ್ಮ ಅಭಿಪ್ರಾಯ. ನಮ್ಮಂಥ ಕಾಲೇಜು ಅಧ್ಯಾಪಕರಿಗಂತೂ ಬೋಧನೆಯ ತರಬೇತಿಯ ಕಟ್ಟುಪಾಡೇ ಇಲ್ಲವೆಂಬುದನ್ನು ಕೊಂಚ ಸಂಕೋಚದಿಂದಲೇ ಇಲ್ಲಿ ಹೇಳಬೇಕು.

ಬೇರೆಡೆ ಇದನ್ನು ಹೇಗೆ ಮಾಡುತ್ತಾರೆ? ಸ್ಕಾಟ್ಲೆಂಡಿನಲ್ಲಿ 1965ರ ಕಾಯಿದೆಯಿಂದ ಉಪಾಧ್ಯಾಯರದೇ ಒಂದು ಪರಿಷತ್ತು ಸ್ಥಾಪನೆಯಾಯಿತು. ಉಪಾಧ್ಯಾಯರು ಚುನಾಯಿಸಿದ ಪ್ರತಿನಿಧಿಗಳಿಗೂ ಅದರಲ್ಲಿ ಸ್ಥಾನವಿದೆ. ಅದು ಟ್ರೇನಿಂಗ್ ತರಗತಿಗಳಿಗೂ ಮನ್ನಣೆ ಕೊಡುತ್ತದೆ, ಉಪಾಧ್ಯಾಯರ ರಿಜಿಸ್ಟರನ್ನೂ ಇಡುತ್ತದೆ. ಪದವಿ ಪಡೆದವನ ಹೆಸರು ಮೊದಲು ತಾತ್ಕಾಲಿಕವಾಗಿ ರಿಜಿಸ್ಟರಿನಲ್ಲಿ ಸೇರುತ್ತದೆ. ಸಾಮಾನ್ಯವಾಗಿ ಒಂದು ವರ್ಷ, ಅನುಭವಿಯೊಬ್ಬರ ಕಣ್ಣಳವಿಯಲ್ಲಿ ಪಾಠ ಮಾಡಿ ತೃಪ್ತಿಪಡಿಸಿದ ಮೇಲೆಯೇ ಆ ಹೆಸರು ಕಾಯಂ ಆಗುವುದು. ದುರ್ನಡತೆ ಸಾಬೀತಾದರೆ ಹೆಸರನ್ನು ತೆಗೆದುಹಾಕಬಹುದು. ಆಮೇಲೆ ಬೇರೆ ಊರಿನ ಶಾಲೆಗೆ ಹೋಗಿ ಸೇರಿಕೊಳ್ಳುವಂತಿಲ್ಲ. ನಮ್ಮಲ್ಲಿ ವಕೀಲರ ಪರಿಷತ್ತಿಗೆ ವಕೀಲನ ಹೆಸರನ್ನು ಪಟ್ಟಿಯಿಂದ ತೆಗೆಯುವ ಅಧಿಕಾರವುಂಟು. ಉಪಾಧ್ಯಾಯನನ್ನು ಒಂದು ಶಾಲೆ ಹೊರಗೆ ಹಾಕಬಹುದು, ಇಲಾಖೆ ವಜಾ ಮಾಡಬಹುದು. ಅಳಿಸುವುದಕ್ಕೆ ಒಂದು ಪಟ್ಟಿಯೇ ಇಲ್ಲ.

ಪಟ್ಟಿಯಿಲ್ಲದ ಕಾರಣ, ಯಾರು ಅರ್ಹರು ಎಂಬ ಪ್ರಶ್ನೆ ಮತ್ತೆ ಮತ್ತೆ ನ್ಯಾಯಾಲಯದ ಬಾಗಿಲಿಗೆ ಹೋಗುತ್ತದೆ. ಬಿ.ಎಡ್. ಆದವರು ಪ್ರಾಥಮಿಕ ತರಗತಿಗಳಿಗೂ ಸಲ್ಲುತ್ತಾರೆಂದು ಪರಿಷತ್ತು 2018ರಲ್ಲಿ ಹೊರಡಿಸಿದ ಪ್ರಕಟಣೆಯನ್ನು ಸುಪ್ರೀಮ್ ಕೋರ್ಟು 2023ರ ಆಗಸ್ಟ್ 11ರಂದು ಒಪ್ಪಲಿಲ್ಲ. ಆರು ವರ್ಷದ ಮಗುವಿಗೆ ಕಲಿಸುವ ವಿದ್ಯೆ ಬೇರೆ, ಅದಕ್ಕೆ ಡಿ.ಎಲ್.ಎಡ್. ಎಂಬ ತರಬೇತಿಯೇ ಬೇರೆಯಿದೆ ಎಂಬುದು ಅದರ ಸಾರ. ಈ ತೀರ್ಪು ನಮಗೆ ಸರಿಯೆನ್ನಿಸಿತು. 2025ರ ಸೆಪ್ಟೆಂಬರ್ 1ರ ತೀರ್ಪು ಇನ್ನೂ ದೂರ ಹೋಯಿತು: ಟಿ.ಇ.ಟಿ. ಬರುವುದಕ್ಕೆ ಮೊದಲೇ ಸೇವೆಗೆ ಸೇರಿದವರೂ ಸಹ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲವಿದ್ದರೆ, ಎರಡು ವರ್ಷಗಳೊಳಗೆ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಇಲ್ಲವಾದರೆ ಸೇವೆ ಬಿಡಬೇಕು. ಐದು ವರ್ಷಕ್ಕಿಂತ ಕಡಿಮೆ ಉಳಿದವರು ಮುಂದುವರಿಯಬಹುದು, ಬಡ್ತಿ ಮಾತ್ರ ಇಲ್ಲ.

ಐವತ್ತರ ಆಸುಪಾಸಿನ ಉಪಾಧ್ಯಾಯಿನಿಯೊಬ್ಬರು ಈಗ ಮಗಳ ಪಕ್ಕದಲ್ಲಿ ಕುಳಿತು ಪ್ರಶ್ನೆಪತ್ರಿಕೆಗಳನ್ನು ಬಿಡಿಸಬೇಕಾಗಿ ಬಂದಿದೆ. ಇಪ್ಪತ್ತೈದು ವರ್ಷ ಅವರು ತರಗತಿಯಲ್ಲಿ ಹೇಗೆ ಕಲಿಸಿದರೆಂಬುದನ್ನು ನೋಡಿ ಬರೆದಿಟ್ಟವರು ಯಾರಾದರೂ ಇದ್ದಿದ್ದರೆ, ಆ ಬರಹವನ್ನು ಕೋರ್ಟಿನ ಮುಂದೆ ಇಡಬಹುದಾಗಿತ್ತು. 2030ರ ಹೊತ್ತಿಗೆ ನಾಲ್ಕು ವರ್ಷದ ಸಂಯುಕ್ತ ಪದವಿಯೇ ಕನಿಷ್ಠ ಅರ್ಹತೆಯಾಗಬೇಕೆಂದು ಹೊಸ ನೀತಿ ಹೇಳುತ್ತದೆ. ಅಂಥದೊಂದು ವ್ಯಾಸಂಗವನ್ನು ಮೈಸೂರಿನ ಮಾನಸಗಂಗೋತ್ರಿಯ ಪಕ್ಕದಲ್ಲಿ, 1963ರಲ್ಲಿ ಸ್ಥಾಪಿತವಾದ ಪ್ರಾಂತೀಯ ಶಿಕ್ಷಣ ಸಂಸ್ಥೆ ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಅದರ ಆವರಣದಲ್ಲಿಯೇ ಮಕ್ಕಳ ಶಾಲೆಯೊಂದಿದ್ದು, ಕಲಿಸಲು ಕಲಿಯುವವರು ಅಲ್ಲಿಗೆ ನಡೆದೇ ಹೋಗಬಹುದು.