ಶಾಲೆಯ ಜಾಲವನ್ನು ಕಾಯುವವರು

ಕುಮುದ್ವತಿ ನದಿಯ ದಂಡೆಯ ಮೇಲಿರುವ ರಟ್ಟೀಹಳ್ಳಿಯನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಕಲ್ಯಾಣದ ಚಾಲುಕ್ಯರ ಕಾಲದ ಕದಂಬೇಶ್ವರ ದೇವಾಲಯವನ್ನು ನೋಡುವದಕ್ಕೆಂದು ಬರುವವರು ಅದರ ಮೂರು ಗರ್ಭಗೃಹಗಳನ್ನೂ ಶಾಸನದ ಕಲ್ಲುಗಳನ್ನೂ ನೋಡಿಕೊಂಡು ಸಂಜೆಯ ಬಸ್ಸಿಗೆ ಹೊರಟುಹೋಗುವರು. ಬಹುಕಾಲ ಹಿರೇಕೆರೂರ ತಾಲೂಕಿಗೆ ಸೇರಿದ್ದ ಈ ಊರು ಈಚೆಗೆ ತಾನೇ ಒಂದು ತಾಲೂಕಿನ ಮುಖ್ಯ ಸ್ಥಳವಾಗಿದೆ. ನಾವು ಅಲ್ಲಿಗೆ ಹೋದದ್ದು ದೇವಾಲಯವನ್ನು ನೋಡಲಿಕ್ಕಲ್ಲ. ಅಲ್ಲಿಯ ಒಂದು ಪ್ರೌಢಶಾಲೆಯ ಗಣಕಯಂತ್ರಗಳನ್ನು ನೋಡಿಕೊಳ್ಳುವ ನಮ್ಮ ಪರಿಚಯದ ಗೃಹಸ್ಥರೊಬ್ಬರು, “ಈ ಕೆಲಸವನ್ನು ಬಿಡಬೇಕೆಂದು ಮಾಡಿರುವೆನು, ಬಿಡುವ ಮೊದಲು ಒಮ್ಮೆ ಬಂದು ಹೋಗಿರಿ” ಎಂದು ಹೇಳಿಕಳಿಸಿದ್ದರು. ಅವರ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ನಾವಿಲ್ಲಿ ಬರೆಯುವದಿಲ್ಲ. ಯಾಕಂದರೆ ರಾಜೀನಾಮೆಯ ಕಾಗದವು ಇನ್ನೂ ಅವರ ಜೇಬಿನಲ್ಲಿಯೇ ಇದೆ.

ಮನೆಯಲ್ಲಿ ಮೊಬೈಲು ಹಿಡಿದು ಕುಳಿತವರಿಗೆ ಇಂಟರ್‌ನೆಟ್ಟೆಂಬುದು ಗಾಳಿಯಲ್ಲಿ ತಾನಾಗಿ ಬರುವ ಪದಾರ್ಥವೆಂದು ತೋರುವದು ಸಹಜವೇ. ಶಾಲೆಯಲ್ಲಿ ಹಾಗಲ್ಲ. ಬೀದಿಯ ಕಂಬದಿಂದ ಕೂದಲೆಳೆಯಂಥ ಒಂದು ಗಾಜಿನ ತಂತಿಯು ಕಚೇರಿಯ ಗೋಡೆಯ ಮೇಲಿನ ಪೆಟ್ಟಿಗೆಯೊಳಗೆ ಬರುವದು. ಅಲ್ಲಿಂದ ರೌಟರು, ರೌಟರಿನಿಂದ ಸ್ವಿಚ್ಚು, ಸ್ವಿಚ್ಚಿನಿಂದ ಕೋಣೆಕೋಣೆಗೆ ತಾಮ್ರದ ತಂತಿ. ಈ ತಾಮ್ರದ ತಂತಿಯು ನೂರು ಮೀಟರಿನ ಆಚೆಗೆ ಮಾತನ್ನು ಸರಿಯಾಗಿ ಮುಟ್ಟಿಸದು. ದೂರ ಹೋಗಬೇಕಾದರೆ ನಡುವೆ ಇನ್ನೊಂದು ಸ್ವಿಚ್ಚನ್ನಿಡಬೇಕು. ಪ್ರತಿಯೊಂದು ಯಂತ್ರಕ್ಕೂ ಮನೆಯ ನಂಬರಿನಂತೆ ಒಂದು ವಿಳಾಸವುಂಟು. ಒಂದೇ ನಂಬರು ಎರಡು ಮನೆಗಳಿಗೆ ಬಿದ್ದರೆ ಟಪಾಲಿನವನು ಹೇಗೆ ಗೊಂದಲಕ್ಕೆ ಬೀಳುವನೋ ಹಾಗೆಯೇ ಇಲ್ಲಿಯೂ ಆಗುವದು. ಇದೆಲ್ಲವನ್ನೂ ಹಾಕಿ, ಬರೆದಿಟ್ಟು, ಕೆಟ್ಟಾಗ ಸರಿಪಡಿಸುವದೇ ನಮ್ಮ ಸ್ನೇಹಿತರ ಕೆಲಸ.

ಕೆಲಸ ಇಷ್ಟೇ ಆಗಿದ್ದರೆ ಅವರು ಬಿಡುವ ಮಾತನ್ನೇ ಎತ್ತುತ್ತಿರಲಿಲ್ಲವೇನೋ. ನಾವು ಅವರೊಡನೆ ಒಂದು ಇಡೀ ದಿನ ಕಳೆದೆವು. ಪ್ರಾರ್ಥನೆಯ ಗಂಟೆಗೆ ಮುಂಚೆ ಬಂದು ಯುಪಿಎಸ್ಸಿನ ಬ್ಯಾಟರಿಗಳಿಗೆ ಶುದ್ಧೋದಕ ಹಾಕಿದರು. ಎಂಟನೆಯ ಇಯತ್ತೆಗೆ ಒಂದು ಪಾಠ ಹೇಳಿದರು. ವರ್ಗಾವಣೆಯಾಗಿ ಬಂದ ಇಬ್ಬರು ಮಕ್ಕಳ ಹೆಸರು ಸರಕಾರದ ವಿದ್ಯಾರ್ಥಿ ದಾಖಲೆಯಲ್ಲಿ ಸೇರಲೊಲ್ಲದೆಂದು ಗುಮಾಸ್ತರು ಕರೆದರು, ಅಲ್ಲಿಗೆ ಹೋದರು. ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡಿತ್ತು, ಎಳೆದು ತೆಗೆದರು. ಮಧ್ಯಾಹ್ನದ ಊಟದ ಲೆಕ್ಕ, ಶಾಲೆಯ ವಾರ್ಷಿಕ ಮಾಹಿತಿಯ ತಖ್ತೆ, ಹತ್ತನೆಯ ಇಯತ್ತೆಯ ಪರೀಕ್ಷೆಯ ನೋಂದಣಿ — ಈ ಹೊತ್ತು ಶಾಲೆಯೆಂಬುದು ಅರ್ಧ ಪಾಠ, ಅರ್ಧ ದಾಖಲೆ. ಆ ದಾಖಲೆಯೆಲ್ಲ ಹೋಗುವದು ಆ ಒಂದು ಗಾಜಿನ ತಂತಿಯ ಮೇಲಿಂದಲೇ. ಮಾಸ್ತರರ ಯಾದಿಯಲ್ಲಿ ಅವರ ಹೆಸರಿಲ್ಲ, ಗುಮಾಸ್ತರ ಯಾದಿಯಲ್ಲಿಯೂ ಇಲ್ಲ. ಎಲ್ಲರೂ ‘ಕಂಪ್ಯೂಟರ್ ಸರ್’ ಎನ್ನುವರು. ಕೋಣೆಯ ಬಾಗಿಲಲ್ಲಿ ಯಂತ್ರಗಳಿಗೆ ದಾನ ಕೊಟ್ಟವರ ಹೆಸರಿನ ಕಲ್ಲೊಂದು ಇದೆ. ಆ ಮಟ್ಟಿಗೆ ಕದಂಬೇಶ್ವರನ ಕಾಲಕ್ಕೂ ನಮ್ಮ ಕಾಲಕ್ಕೂ ಹೆಚ್ಚು ಅಂತರವಿಲ್ಲ.

ಹಿಂದಿನ ವರುಷದ ಒಂದು ಸಂಗತಿಯನ್ನು ಅವರು ಹೇಳಿದರು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುವೆವು. ಯಾಕಂದರೆ ಅವರ ಮನಸ್ಸು ಮುರಿದದ್ದು ಅಲ್ಲಿಂದ.

ಪರೀಕ್ಷೆಯ ನೋಂದಣಿಗೆ ಅದೇ ಕಡೆಯ ದಿನ. ಬೆಳಿಗ್ಗೆ ಹತ್ತು ಗಂಟೆಗೆ ಇಡೀ ಶಾಲೆಯ ಜಾಲ ನಿಂತುಹೋಯಿತು. ಹೊರಗಿನ ತಂತಿ ಸರಿಯಾಗಿತ್ತು, ವಿದ್ಯುತ್ತಿತ್ತು, ರೌಟರು ಬದುಕಿತ್ತು. ಆದರೆ ಸ್ವಿಚ್ಚಿನ ದೀಪಗಳು, ಎಂದೂ ತಮ್ಮ ತಮ್ಮ ಲಯದಲ್ಲಿ ಮಿನುಗುವಂಥವು, ಅಂದು ಎಲ್ಲವೂ ಕೂಡಿ ಹುಚ್ಚು ಹಿಡಿದಂತೆ ಮಿಟುಕುತ್ತಿದ್ದವು. ನೋಡಿದ ಕೂಡಲೇ ರೋಗವೇನೆಂಬುದು ಅವರಿಗೆ ತಿಳಿಯಿತು, ಎಲ್ಲಿದೆಯೆಂಬುದು ತಿಳಿಯಲಿಲ್ಲ. ಎಲ್ಲಿಯೋ ತಂತಿಯು ಸುತ್ತುಹಾಕಿಕೊಂಡು ಬಳೆಯಾಗಿದೆ. ಜಾಲದಲ್ಲಿ ಕೆಲವು ಸಂದೇಶಗಳು ‘ಎಲ್ಲರಿಗೂ’ ಎಂದು ಡಂಗುರ ಸಾರಿದಂತೆ ಹೊರಡುವವು. ದಾರಿಯಲ್ಲಿ ಬಳೆಯಿದ್ದರೆ ಆ ಡಂಗುರವು ಮುಗಿಯುವದೇ ಇಲ್ಲ. ಸುತ್ತಿ ಸುತ್ತಿ ಬಂದು ಹೆಚ್ಚುತ್ತ, ನಿಜವಾದ ಮಾತಿಗೆ ದಾರಿಯೇ ಇಲ್ಲದಂತೆ ಮಾಡುವದು. ಹೆಚ್ಚಿನ ಬೆಲೆಯ ಸ್ವಿಚ್ಚುಗಳಲ್ಲಿ ಇಂಥ ಬಳೆಯನ್ನು ತಾನೇ ಕಂಡುಹಿಡಿದು ಒಂದು ಬಾಗಿಲನ್ನು ಮುಚ್ಚಿಬಿಡುವ ಏರ್ಪಾಡುಂಟು. ಅಂಥವನ್ನು ಕೊಳ್ಳಬೇಕೆಂದು ಅವರು ಎರಡು ಸಲ ಬರೆದುಕೊಟ್ಟಿದ್ದರು. ಎರಡು ಸಲವೂ ಕಾಗದ ಮರಳಿ ಬಂದಿತ್ತು.

ಇನ್ನು ಉಳಿದದ್ದು ಒಂದೇ ಉಪಾಯ. ಒಂದೊಂದೇ ತಂತಿಯನ್ನು ಕಿತ್ತು ದೀಪಗಳನ್ನು ನೋಡುವದು. ತಣ್ಣಗಾಗದಿದ್ದರೆ ಮತ್ತೆ ಚುಚ್ಚಿ ಮುಂದಿನದನ್ನು ಕೀಳುವದು. ಒಂಬತ್ತನೆಯ ತಂತಿಯನ್ನು ಕಿತ್ತಾಗ ದೀಪಗಳು ತಣ್ಣಗಾದವು. ಅದು ವಿಜ್ಞಾನದ ಕೋಣೆಗೆ ಹೋಗುವ ತಂತಿ. ಕೋಣೆಗೆ ಬೀಗ, ಬೀಗದ ಕೈ ಮಾಸೂರಿನಿಂದ ಬರುವ ಮಾಸ್ತರರೊಬ್ಬರ ಹತ್ತಿರ, ಅವರು ಅಂದು ರಜೆ. ಕೈ ತರಿಸುವಷ್ಟರಲ್ಲಿ ಒಂದು ಗಂಟೆ ದಾಟಿತು. ಒಳಗೆ ಹೋಗಿ ನೋಡಿದರೆ, ಹಿಂದಿನ ದಿನದ ಸಮಾರಂಭಕ್ಕಾಗಿ ಕಸಗುಡಿಸಿದ ಯಾರೋ ಪುಣ್ಯಾತ್ಮರು ಮೇಜಿನ ಮೇಲೆ ಜೋತಾಡುತ್ತಿದ್ದ ತಂತಿಯ ತುದಿಯನ್ನು ಕಂಡು, ಚೊಕ್ಕಟವಾಗಿರಲೆಂದು, ಅದೇ ಚಿಕ್ಕ ಸ್ವಿಚ್ಚಿನ ಇನ್ನೊಂದು ತೂತಿನಲ್ಲಿ ಸಿಕ್ಕಿಸಿಬಿಟ್ಟಿದ್ದರು! ಕಿತ್ತೊಗೆದರು, ಜಾಲ ನಡೆಯಿತು, ನೋಂದಣಿಯೂ ಸಂಜೆಯೊಳಗೆ ಮುಗಿಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹಿರಿಯರೊಬ್ಬರು, “ಇಷ್ಟೇನಾ?” ಎಂದರಂತೆ.

“ಬೈದಿದ್ದರೆ ಸುಮ್ಮನಿರುತ್ತಿದ್ದೆ” ಎಂದರು ನಮ್ಮ ಸ್ನೇಹಿತರು.

ಈ ಕೆಲಸದ ಸ್ವಭಾವವೇ ಇಂಥದು. ಅಡ್ಡಮಳೆಯ ದಿನಗಳಲ್ಲಿ ಸಿಡಿಲು ಬಡಿದರೆ ಎರಡು ಕಟ್ಟಡಗಳ ನಡುವಿನ ತಾಮ್ರದ ತಂತಿಯನ್ನೇ ಹಿಡಿದು ಬಂದು ಎರಡೂ ಕಡೆಯ ಸ್ವಿಚ್ಚುಗಳನ್ನು ಸುಟ್ಟುಬಿಡಬಲ್ಲದು. ಇವರು ತಿರುಗಾಡಿ, ಹೇಳಿಕೊಂಡು, ಅಲ್ಲಿ ಗಾಜಿನ ತಂತಿಯನ್ನು ಹಾಕಿಸಿದರು. ಗಾಜು ವಿದ್ಯುತ್ತನ್ನು ಒಯ್ಯುವದಿಲ್ಲ. ಅಂದಿನಿಂದ ಸಿಡಿಲಿಗೆ ಏನೂ ಸುಟ್ಟಿಲ್ಲ. ಸುಡದಿದ್ದುದಕ್ಕೆ ಯಾರು ಯಾರನ್ನು ಹೊಗಳುವರು?

ಇಂಥ ಹುದ್ದೆಯಿಲ್ಲದ ಹುದ್ದೆ ಹುಟ್ಟಿದ್ದು ಹೇಗೆಂಬುದನ್ನೂ ಸ್ವಲ್ಪ ಹೇಳಬೇಕು. ನಮ್ಮ ರಾಜ್ಯದಲ್ಲಿ ‘ಮಾಹಿತಿ ಸಿಂಧು’ ಎಂಬ ಯೋಜನೆಯ ಮೂಲಕ ಈ ಶತಮಾನದ ಮೊದಲ ವರುಷಗಳಲ್ಲಿ ಒಂದು ಸಾವಿರ ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ೨೦೦೪ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ‘ಐಸಿಟಿ’ ಯೋಜನೆಯನ್ನಾರಂಭಿಸಿತು; ೨೦೧೦ರಲ್ಲಿ ಅದನ್ನು ತಿದ್ದಿ, ಶಾಲೆಗೊಬ್ಬ ಪ್ರತ್ಯೇಕ ಗಣಕ ಶಿಕ್ಷಕನಿರಬೇಕೆಂದು ಸೇರಿಸಿತು. ಮಾತು ಒಳ್ಳೆಯದೇ. ಆದರೆ ಇಲ್ಲಿ ಯಂತ್ರಗಳನ್ನೂ ಶಿಕ್ಷಕನನ್ನೂ ಕೂಡಿಯೇ ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡುವ ಪದ್ಧತಿ ನಡೆದುಬಂತು. ಅವಧಿ ಮುಗಿದೊಡನೆ ಯಂತ್ರಗಳು ಶಾಲೆಗೆ ಉಳಿಯುವವು. ಶಿಕ್ಷಕನು ಮನೆಗೆ ಹೋಗುವನು. ಅಷ್ಟರೊಳಗೆ ಯಂತ್ರಗಳು ಮುದಿಯಾಗಿ, ಅವುಗಳಿಗೆ ಮನುಷ್ಯನ ಅವಶ್ಯಕತೆ ಮೊದಲಿಗಿಂತ ಹೆಚ್ಚಾಗಿರುವದು! ನೆರೆಯ ಕೇರಳದವರು ಬೇರೆ ದಾರಿ ಹಿಡಿದರು. ೨೦೦೧ರಲ್ಲಿ ಆರಂಭವಾದ ಅವರ ‘ಐಟಿ ಅಟ್ ಸ್ಕೂಲ್’ ಯೋಜನೆಯಲ್ಲಿ ಶಾಲೆಯ ಮಾಸ್ತರರನ್ನೇ ತರಬೇತುಮಾಡಿ ಒಬ್ಬೊಬ್ಬರನ್ನು ಸಂಯೋಜಕರನ್ನಾಗಿ ನೇಮಿಸಿದರು. ಯಂತ್ರಗಳಿಗೆ ಬಿಟ್ಟಿ ಸಿಗುವ ಮುಕ್ತ ತಂತ್ರಾಂಶವನ್ನೇ ಹಾಕಿದರು. ಅದರಲ್ಲಿಯೂ ಕುಂದುಗಳಿರಬಹುದು. ಆದರೆ ಗುತ್ತಿಗೆ ಮುಗಿದ ದಿನ ವಿದ್ಯೆಯೂ ಶಾಲೆಯ ಗೇಟು ದಾಟಿ ಹೋಗುವ ಪ್ರಸಂಗವು ಅಲ್ಲಿ ಕಡಿಮೆ.

ನಮ್ಮ ಸ್ನೇಹಿತರು ೨೦೧೧ರಲ್ಲಿ ಇಂಥದೇ ಗುತ್ತಿಗೆಯ ಮೇಲೆ ಬಂದವರು. ೨೦೧೬ರಲ್ಲಿ ಅವಧಿ ಮುಗಿದಾಗ ಶಾಲೆಯ ಆಡಳಿತದವರು ತಮ್ಮ ಕೈಯಿಂದ ಪಗಾರ ಕೊಟ್ಟು ಉಳಿಸಿಕೊಂಡರು. ಈ ಉಪಕಾರವನ್ನು ಅವರು ಇಂದಿಗೂ ನೆನೆಯುವರು. ‘ಇಂದಲ್ಲ ನಾಳೆ ಕಾಯಮು ಆಗುವದು’ ಎಂಬ ಆಶೆಯೂ ಅಂದಿನಿಂದ ಬೆನ್ನು ಹತ್ತಿದೆ. ಈ ಆಶೆಯ ವಿಷಯದಲ್ಲಿ ನಾವು ಅವರಿಗೆ ಕಠಿಣವಾಗಿಯೇ ಮಾತಾಡಿದೆವು. ೨೦೦೬ರ ಎಪ್ರಿಲ್ ೧೦ರಂದು ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠವು, ನಮ್ಮ ರಾಜ್ಯದಿಂದಲೇ ಹೋದ ಉಮಾದೇವಿಯವರ ಮೊಕದ್ದಮೆಯಲ್ಲಿ, ಕ್ರಮವಾದ ನೇಮಕವಿಲ್ಲದೆ ಬಂದ ತಾತ್ಪೂರ್ತಿಕ ನೌಕರರಿಗೆ ಕಾಯಮಾಗುವ ಹಕ್ಕಿಲ್ಲವೆಂದು ತೀರ್ಪಿತ್ತಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರುಷ ದುಡಿದವರಿಗೆ ಮಾತ್ರ ಒಂದು ಸಲದ ವಿನಾಯಿತಿಯನ್ನು ತೋರಿಸಿತು. ಆ ತೀರ್ಪನ್ನು ದೀರ್ಘಕಾಲ ದುಡಿದವರ ಶೋಷಣೆಗೆ ನೆಪಮಾಡಿಕೊಳ್ಳಬಾರದೆಂದು ೨೦೨೪ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು ಹೇಳಿರುವದೂ ನಿಜ. ಆದರೆ ಇವೆಲ್ಲ ಸರಕಾರಿ ಕೆಲಸಗಾರರ ಮಾತು. ನಮ್ಮ ಸ್ನೇಹಿತರ ಕೆಲಸಕ್ಕೆ ಮಂಜೂರಾದ ಹುದ್ದೆಯೇ ಇಲ್ಲ. ಬಾಗಿಲಿಲ್ಲದ ಗೋಡೆಯ ಮುಂದೆ ಎಷ್ಟು ಹೊತ್ತು ನಿಂತರೂ ಬಾಗಿಲು ತೆರೆಯಲಾರದು.

ಇನ್ನೊಂದು ಸಂಗತಿ ನಮ್ಮ ಗೃಹಸ್ಥ ವಾಚಕರೆಲ್ಲರಿಗೂ ಉಪಯೋಗದ್ದು. ೨೦೧೬ರಲ್ಲಿ ಕಂಪನಿಯ ಕೆಲಸ ಮುಗಿದಾಗ ಅವರು ತಂಗಿಯ ಮದುವೆಗೆಂದು ತಮ್ಮ ಭವಿಷ್ಯನಿಧಿಯನ್ನೆಲ್ಲ ತೆಗೆದುಕೊಂಡರು. ಪಿಂಚಣಿಯ ಪಾಲನ್ನೂ ಬಿಡಲಿಲ್ಲ. ೧೯೯೫ರ ನೌಕರರ ಪಿಂಚಣಿ ಯೋಜನೆಯಂತೆ ಮಾಸಿಕ ಪಿಂಚಣಿ ಸಿಗಬೇಕಾದರೆ ಹತ್ತು ವರುಷಗಳ ಸೇವೆ ಬೇಕು. ಹಣ ತೆಗೆದೊಡನೆ ಆ ಐದು ವರುಷಗಳು ಲೆಕ್ಕದಿಂದ ಅಳಿಸಿಹೋದವು. ಒಂದೇ ನಂಬರು ಜನ್ಮಪೂರ್ತಿ ನಡೆಯುವ ವ್ಯವಸ್ಥೆಯು ೨೦೧೪ರಿಂದಲೇ ಇದೆ. ಖಾತೆಯನ್ನು ಮುಚ್ಚದೆ ಹೊಸ ಧಣಿಯ ಕಡೆಗೆ ವರ್ಗಾಯಿಸಿಕೊಂಡರೆ ಸೇವೆ ಮುರಿಯುವದಿಲ್ಲ. ಈ ಸಲ ಹಾಗೆಯೇ ಮಾಡುವೆನೆಂದು ಅವರು ಮಾತುಕೊಟ್ಟಿರುವರು.

ಹೋಗುವದೆಲ್ಲಿಗೆ? ಬೆಂಗಳೂರಿನಲ್ಲಿ ಇತರರ ಕಚೇರಿಗಳ ಜಾಲವನ್ನು ದೂರದಿಂದ ಕಾಯುವ ಕಂಪನಿಯೊಂದು ಕರೆದಿದೆ. ಪಗಾರ ಇಮ್ಮಡಿಗಿಂತ ಮೇಲೆ. ಆದರೆ ರಾತ್ರಿಯ ಪಾಳಿ, ಬೆಂಗಳೂರಿನ ಬಾಡಿಗೆ. ಅದಕ್ಕಾಗಿ ಅವರು ಒಂದೂವರೆ ವರುಷ ರಾತ್ರಿ ಓದಿ ಸಿಸ್ಕೋದವರ ಪರೀಕ್ಷೆಯನ್ನು ಮುಗಿಸಿದರು. ಆ ಪ್ರಮಾಣಪತ್ರದ ಆಯುಷ್ಯ ಮೂರೇ ವರುಷ. ದೂರದಿಂದಲೇ ನಡೆದ ಸಂದರ್ಶನದಲ್ಲಿ, “ಎಷ್ಟು ಯಂತ್ರಗಳನ್ನು ನೋಡಿಕೊಂಡಿರುವಿರಿ?” ಎಂದು ಕೇಳಿದರಂತೆ. “ಅರವತ್ತು” ಎಂದಾಗ ಅತ್ತ ಕಡೆ ಮೌನ. ತರುವಾಯ, “ಜಾಲದಲ್ಲಿ ತಂತಿ ಬಳೆಯಾದರೆ ಹೇಗೆ ಕಂಡುಹಿಡಿಯುವಿರಿ?” ಎಂದು ಕೇಳಿದರು. ಇವರು ವಿಜ್ಞಾನದ ಕೋಣೆಯ ಬೀಗದ ಕೈಯವರೆಗೆ ಎಲ್ಲವನ್ನೂ ಹೇಳಿದರು. ಕೇಳಿದವರು ನಡುವೆ ಒಂದು ಸಲವೂ ಬಾಯಿ ಹಾಕಲಿಲ್ಲ.

ರಾಣೆಬೆನ್ನೂರಿನ ಬೀಜದ ವ್ಯಾಪಾರಿಯೊಬ್ಬರ ಕಚೇರಿಯಲ್ಲಿಯೂ ಒಂದು ಕೆಲಸವಿತ್ತು. ಪಗಾರ ಸಾಧಾರಣ, ಸಂಜೆಗೆ ಮನೆ. ವೃದ್ಧ ತಂದೆ, ಎರಡೆಕರೆ ಗೋವಿನಜೋಳದ ಹೊಲ, ಓದುವ ಮಗಳು — ಇವೆಲ್ಲವನ್ನೂ ನೆನೆದು ನಾವು ಅದೇ ವಾಸಿಯೆಂದೆವು. ಅವರು ತಲೆಯಾಡಿಸಿದರು: “ಅಲ್ಲಿಯೂ ನಾನೊಬ್ಬನೇ. ಹದಿನಾಲ್ಕು ವರುಷ ನನಗೆ ತಿಳಿಯದ್ದನ್ನು ಕೇಳಲಿಕ್ಕೆ ಹತ್ತಿರ ಯಾರೂ ಇರಲಿಲ್ಲ.” ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ಗೃಹಿಣಿಯು ಚಹ ತಂದಿಟ್ಟು, “ಹೋಗುವದಾದರೆ ಹೋಗೋಣ, ಇರುವದಾದರೆ ಇರೋಣ. ‘ನೋಡೋಣ’ ಎಂದು ಇನ್ನೊಂದು ವರುಷ ಮಾತ್ರ ಬೇಡ” ಎಂದಳು.

ಅವರು ತಡೆದಿರುವದು ಒಂದು ವಹಿಯ ಸಲುವಾಗಿ. ಇನ್ನೂರು ಪುಟದ ಉದ್ದ ವಹಿ. ಯಾವ ತಂತಿ ಯಾವ ಕೋಣೆಗೆ, ಯಾವ ಯಂತ್ರಕ್ಕೆ ಯಾವ ವಿಳಾಸ, ಮಳೆಗಾಲದಲ್ಲಿ ಯಾವ ಗೋಡೆ ನೀರು ಕುಡಿಯುವದು, ಇಲಿಗಳು ಎಲ್ಲಿಂದ ಬರುವವು — ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತಿರುವರು. ಗುಪ್ತಪದಗಳನ್ನು ಮಾತ್ರ ಮೊಹರು ಹಾಕಿದ ಲಕೋಟೆಯಲ್ಲಿ ಹೆಡ್ಮಾಸ್ತರರ ಕಪಾಟಿನಲ್ಲಿಡುವರಂತೆ. ನಾವು ನೋಡಿದಾಗ ನೂರಾ ಹನ್ನೊಂದನೆಯ ಪುಟ ನಡೆದಿತ್ತು. ಓದುವವರು ಯಾರೆಂದು ಕೇಳಿದೆವು. ಅವರು ಮೂಲೆಯ ಮೇಜಿನ ಕಡೆಗೆ ಕೈತೋರಿಸಿದರು.

ಅಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ತಂತಿಯ ಸಿಪ್ಪೆ ಸುಲಿದು, ಒಳಗಿನ ಎಂಟು ಎಳೆಗಳನ್ನು ಬೆರಳಿನಿಂದ ತೀಡುತ್ತ, ಮಗ್ಗಿ ಹೇಳಿದಂತೆ ಹೇಳಿಕೊಳ್ಳುತ್ತಿದ್ದಳು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತುದಿಗೆ ಕೊಂಡಿ ಹಾಕಿ, ಇಕ್ಕಳದಿಂದ ಒತ್ತಿ, ಪರೀಕ್ಷಿಸುವ ಪೆಟ್ಟಿಗೆಗೆ ಸಿಕ್ಕಿಸಿದಳು. ದೀಪಗಳು ಒಂದಾದ ಮೇಲೊಂದು ಹೊತ್ತುತ್ತ ಬಂದವು, ಏಳನೆಯದು ಹೊತ್ತಲಿಲ್ಲ. ಸರ್ ಏನೂ ಹೇಳಲಿಲ್ಲ. ಹುಡುಗಿಯು ತುದಿಯನ್ನು ಕತ್ತರಿಸಿ, ಮತ್ತೆ ಮೊದಲಿನಿಂದ ಸಿಪ್ಪೆ ಸುಲಿಯತೊಡಗಿದಳು. ನಮಗೆ ಬಸ್ಸಿನ ಹೊತ್ತಾಗಿತ್ತು.