ದ್ರಾಕ್ಷಿಯ ನೆಲವೂ ನೆಲದ ಹೆಸರೂ

ವಿಜಯಪುರ ನಗರದ ಮಗ್ಗುಲಿನ ಭೂತನಾಳವನ್ನು ಬಿಟ್ಟು ತಿಕೋಟಾ, ಬಬಲೇಶ್ವರಗಳ ಸೀಮೆಯನ್ನು ಹೊಕ್ಕರೆ ಅಲ್ಲಲ್ಲಿ ದ್ರಾಕ್ಷಿಯ ಚಪ್ಪರಗಳೂ, ಅವುಗಳ ಬಳಿಯಲ್ಲಿ ಹಣ್ಣು ಒಣಗಿಸುವ ಶೆಡ್ಡುಗಳೂ ಕಾಣುತ್ತವೆ. ಕರ್ನಾಟಕದಲ್ಲಿ ಒಣದ್ರಾಕ್ಷಿಯ ಹುಟ್ಟುವಳಿಗೆ ಈ ಜಿಲ್ಲೆಯು ಮುಖ್ಯವಾದದ್ದು. ಆದರೆ ಇಲ್ಲಿಯ ಮಾಲಿನಲ್ಲಿ ಬಹಳಷ್ಟು ಮಹಾರಾಷ್ಟ್ರದ ತಾಸಗಾಂವ, ಸಾಂಗಲಿ ಪೇಟೆಗಳಿಗೆ ಹೋಗಿ ಮಾರಾಟವಾಗುತ್ತದೆ. ಅಲ್ಲಿಂದ ಮುಂದಕ್ಕೆ ಅದು ಯಾವ ಊರಿನ ಬೆಳೆಯೆಂಬುದು ತಿನ್ನುವವನಿಗೆ ತಿಳಿಯುವುದಿಲ್ಲ. ಹೆಸರಿಲ್ಲದ ಮಾಲಿಗೆ ಬೆಲೆ ಕಟ್ಟುವವನು ಕೊಳ್ಳುವವನೇ ಹೊರತು ಬೆಳೆದವನಲ್ಲ. ಊರಿನ ಹೆಸರು ಬೆಳೆಗಾರನಿಗೆ ಆಸ್ತಿಯಾಗುವ ಬಗೆ ಹೇಗೆಂಬುದಕ್ಕೆ ಫ್ರಾನ್ಸ್ ದೇಶದ ಶಾಂಪೇನ್ ಸೀಮೆಯು ಒಳ್ಳೆಯ ದೃಷ್ಟಾಂತವಾಗಿದೆ. ಗ್ರಾಮದ ಮುಖಂಡರೂ ಜಮೀನುದಾರರೂ ಅದನ್ನು ಪರ್ಯಾಲೋಚಿಸುವುದು ಯುಕ್ತವಾಗಿದೆ.

ಶಾಂಪೇನಿನ ನೆಲ ಮತ್ತು ಹವೆ

ಶಾಂಪೇನ್ ಎಂಬುದು ಮೊದಲು ಒಂದು ಸೀಮೆಯ ಹೆಸರು. ಅನಂತರ ಅಲ್ಲಿ ತಯಾರಾಗುವ, ನೊರೆಯುಕ್ಕುವ ದ್ರಾಕ್ಷಾರಸದ ಹೆಸರು. ಪ್ಯಾರಿಸ್ ನಗರದ ಈಶಾನ್ಯಕ್ಕೆ ಸುಮಾರು ೧೫೦ ಕಿಲೋಮೀಟರ್ ದೂರದಲ್ಲಿ, ರಾನ್ಸ್ ಮತ್ತು ಎಪೆರ್ನೆ ಎಂಬ ಪಟ್ಟಣಗಳ ಸುತ್ತಮುತ್ತ ಸುಮಾರು ೩೪,೦೦೦ ಹೆಕ್ಟೇರು ಭೂಮಿಯಲ್ಲಿ ಈ ತೋಟಗಳು ಹಬ್ಬಿವೆ. ಅಲ್ಲಿಯ ಉತ್ತಮ ಭಾಗಗಳಲ್ಲಿ ತೆಳುವಾದ ಮೇಲ್ಮಣ್ಣಿನ ಕೆಳಗೆ ಸೀಮೆಸುಣ್ಣದ ಬಂಡೆಯಿರುತ್ತದೆ. ಒಂದು ಘನಮೀಟರ್ ಬಂಡೆಯು ೩೦೦ರಿಂದ ೪೦೦ ಲೀಟರ್ ನೀರನ್ನು ಹೀರಿಟ್ಟುಕೊಂಡು, ಬೇಸಗೆಯಲ್ಲಿ ಬಳ್ಳಿಗೆ ಮೆಲ್ಲನೆ ಒದಗಿಸುತ್ತದೆ. ಹೆಚ್ಚಾದ ಮಳೆಯ ನೀರನ್ನು ಬೇರಿನಲ್ಲಿ ನಿಲ್ಲಗೊಡುವುದಿಲ್ಲ.

ಹವೆಯಾದರೋ ಬಹಳ ಶೀತವಾದದ್ದು. ವರ್ಷದ ಸರಾಸರಿ ಉಷ್ಣಮಾನವು ೧೧ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಆದಕಾರಣ ಹಣ್ಣಿನಲ್ಲಿ ಸಕ್ಕರೆ ಕಡಿಮೆ, ಹುಳಿ ಹೆಚ್ಚು. ಹಿಂದಿನ ಕಾಲದಲ್ಲಿ ಚಳಿಗಾಲ ಬಂದೊಡನೆ ರಸದ ಹುದುಗು ಅರ್ಧಕ್ಕೆ ನಿಂತು, ವಸಂತದಲ್ಲಿ ಮತ್ತೆ ಆರಂಭವಾಗಿ, ಸೀಸೆಗಳು ಒಡೆಯುತ್ತಿದ್ದವು. ಇದನ್ನು ಜನರು ದೋಷವೆಂದೇ ಎಣಿಸಿದ್ದರು. ೧೬೬೮ರಿಂದ ೧೭೧೫ರ ವರೆಗೆ ಓವಿಲೇ ಮಠದ ಉಗ್ರಾಣಾಧಿಕಾರಿಯಾಗಿದ್ದ ದೋಂ ಪೆರಿನ್ಯೋನ್ ಎಂಬ ಸಂನ್ಯಾಸಿಯೇ ನೊರೆಯನ್ನು ಕಂಡುಹಿಡಿದನೆಂಬ ಮಾತು ಪ್ರಚಾರದಲ್ಲಿದ್ದರೂ ಅದು ಸರಿಯಲ್ಲ. ಬೇರೆ ಬೇರೆ ತೋಟದ ಹಣ್ಣುಗಳನ್ನು ಹದವರಿತು ಬೆರೆಸುವುದರಲ್ಲಿಯೇ ಆತನ ಕೌಶಲವಿದ್ದಿತು. ಕಾಲಕ್ರಮದಲ್ಲಿ ಗಟ್ಟಿಯಾದ ಗಾಜು, ಬಿರಡೆ ಇವುಗಳ ಸಹಾಯದಿಂದ ಆ ದೋಷವೇ ಗುಣವೆನಿಸಿತು. ನೆಲವು ಕೊಟ್ಟ ಕೊರತೆಯನ್ನು ಆ ಜನರು ಹೀಗೆ ತಮ್ಮ ಕಸಬಿನ ಬಂಡವಾಳವನ್ನಾಗಿ ಮಾಡಿಕೊಂಡರು.

ಹೆಸರಿಗಾಗಿ ನಡೆದ ಕಲಹ

ಹೆಸರು ಬೆಳೆದಂತೆ ಅದನ್ನು ಕದಿಯುವವರೂ ಹೆಚ್ಚಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸರಾ ಎಂಬ ಬೇರುಹೇನು ತೋಟಗಳನ್ನು ಹಾಳುಮಾಡಿತು. ಬೆಳೆ ಕಡಿಮೆಯಾದಾಗ ಕೆಲವು ವರ್ತಕರು ದೂರದ ಸೀಮೆಗಳಿಂದ ಅಗ್ಗದ ರಸವನ್ನು ತರಿಸಿ, ಶಾಂಪೇನಿನ ಹೆಸರಿನಲ್ಲಿ ಮಾರತೊಡಗಿದರು. ಸೀಮೆಯ ಎಲ್ಲೆಯನ್ನು ೧೯೦೮ರಲ್ಲಿ ಸರಕಾರವು ಗೊತ್ತುಪಡಿಸಿತಾದರೂ, ಹೊರಗುಳಿದ ಓಬ್ ಜಿಲ್ಲೆಯ ರೈತರು ತಕರಾರು ಎತ್ತಿದರು. ಒಳಗಿದ್ದವರು ಎಲ್ಲೆಯನ್ನು ಸಡಿಲಿಸಬಾರದೆಂದು ಹಟ ಹಿಡಿದರು. ೧೯೧೧ರಲ್ಲಿ ದಂಗೆಗಳಾಗಿ, ಆಯ್ ಎಂಬ ಊರಿನಲ್ಲಿ ವರ್ತಕರ ಮಳಿಗೆಗಳಿಗೆ ಬೆಂಕಿ ಬಿದ್ದಿತು; ಸೈನ್ಯವನ್ನು ಕರೆಯಬೇಕಾಯಿತು. ಕೊನೆಗೆ ೧೯೨೭ರ ಕಾಯಿದೆಯು ಓಬ್ ಭಾಗವನ್ನೂ ಸೇರಿಸಿ, ಎಲ್ಲೆಯನ್ನೂ ಬೆಳೆಯತಕ್ಕ ತಳಿಗಳನ್ನೂ ನಿಶ್ಚಯಿಸಿತು. ೧೯೪೧ರಲ್ಲಿ ಬೆಳೆಗಾರರೂ ವರ್ತಕರೂ ಸಮಸಮವಾಗಿ ಕುಳಿತು ವ್ಯವಹರಿಸುವ ಮಂಡಳಿಯು ಸ್ಥಾಪಿತವಾಯಿತು. ೨೦೧೫ರಲ್ಲಿ ಅಲ್ಲಿಯ ತೋಟದ ಇಳಿಜಾರುಗಳೂ, ಸುಣ್ಣದ ಬಂಡೆಯಲ್ಲಿ ಕೊರೆದ ನೆಲಮಾಳಿಗೆಗಳೂ ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದೇನೆಂದರೆ, ಆ ರೈತರು ಇತರರನ್ನು ತಡೆದದ್ದಲ್ಲದೆ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡಿದ್ದಾರೆ. ಹಣ್ಣನ್ನು ಕೈಯಿಂದಲೇ ಕೊಯ್ಯಬೇಕು. ೪,೦೦೦ ಕಿಲೋ ಹಣ್ಣಿನಿಂದ ೨,೫೫೦ ಲೀಟರಿಗಿಂತ ಹೆಚ್ಚು ರಸವನ್ನು ಹಿಂಡಿ ಬಳಸಕೂಡದು. ಸೀಸೆಗೆ ತುಂಬಿದ ಮೇಲೆ ೧೫ ತಿಂಗಳಾದರೂ ಇಟ್ಟಲ್ಲದೆ ಮಾರಕೂಡದು. ಹೆಕ್ಟೇರಿಗೆ ಎಷ್ಟು ಹಣ್ಣು ಕೊಯ್ಯಬಹುದೆಂಬುದು ವರ್ಷವರ್ಷಕ್ಕೂ ಗೊತ್ತಾಗುತ್ತದೆ; ೨೦೨೪ರಲ್ಲಿ ಆ ಮಿತಿಯು ೧೦,೦೦೦ ಕಿಲೋ, ಅಂದರೆ ಎಕರೆಗೆ ಸುಮಾರು ೪ ಟನ್ನು ಇದ್ದಿತು.

ಈ ಸೀಮೆಯ ನೆಲ ಮತ್ತು ಹವೆ

ವಿಜಯಪುರ ಸೀಮೆಯ ಗುಣವು ಇದಕ್ಕೆ ತೀರ ವಿಪರೀತವಾದದ್ದು. ಇಲ್ಲಿಯ ನೆಲವು ಜ್ವಾಲಾಮುಖಿಯ ಕಪ್ಪು ಕಲ್ಲಿನಿಂದಾದದ್ದು. ಡೋಣಿಯ ದಂಡೆಯ ಆಳವಾದ ಎರೆಭೂಮಿಯು ಬಿಳಿಜೋಳಕ್ಕೆ ಹೆಸರಾಗಿದೆ. ಡೋಣಿ ಬೆಳೆದರೆ ನಾಡಿಗೆಲ್ಲ ಕಾಳೆಂಬ ಭಾವದ ಮಾತು ಜನರ ಬಾಯಲ್ಲಿದೆ. ಆದರೆ ಆ ಎರೆಯಲ್ಲಿ ನೀರು ಬಸಿಯದು, ಉಪ್ಪು ಮೇಲೇರುವುದು. ದ್ರಾಕ್ಷಿಗೆ ಅದು ಹಿತವಲ್ಲ. ದಿನ್ನೆಯ ಮೇಲಿನ, ಗರಸು ಬೆರೆತ, ನೀರು ಬಸಿದುಹೋಗುವ ತೆಳುಭೂಮಿಯೇ ಬಳ್ಳಿಗೆ ಒಗ್ಗುತ್ತದೆ. ಜೋಳಕ್ಕೆ ಕನಿಷ್ಠವೆನಿಸಿದ ಹೊಲವು ದ್ರಾಕ್ಷಿಗೆ ಶ್ರೇಷ್ಠವೆನಿಸುವುದು ಹೀಗೆ. ಉಪ್ಪುನೀರನ್ನೂ ಬರವನ್ನೂ ತಾಳುವ ಡಾಗ್‌ರಿಜ್ ಎಂಬ ಬೇರುಸಸಿಯ ಮೇಲೆ ಥಾಮ್ಸನ್ ಸೀಡ್‌ಲೆಸ್ ಮೊದಲಾದ ತಳಿಗಳನ್ನು ಕಸಿ ಮಾಡುವ ಪದ್ಧತಿಯು ಬಂದ ಮೇಲೆ ಬೆಳೆಗೆ ಸ್ಥಿರತೆ ದೊರೆಯಿತು. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗಕ್ಕೆ ಏರಿ ಬಂದದ್ದೂ ದೊಡ್ಡ ಅನುಕೂಲವಾಯಿತು.

ಶಾಂಪೇನಿನಲ್ಲಿ ಬಳ್ಳಿಯು ಹಿಮಗಾಲದಲ್ಲಿ ತಾನಾಗಿಯೇ ನಿದ್ರಿಸುತ್ತದೆ. ಇಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರ್ ಸುಮಾರಿಗೆ ಒಮ್ಮೆ ಚಾಟಣಿ ಮಾಡಿ, ಎರಡನೆಯದರಿಂದ ಮಾತ್ರ ಹಣ್ಣು ಪಡೆಯುತ್ತಾರೆ. ಹಣ್ಣು ಮಾಗುವುದು ಮಳೆಗಾಲ ಕಳೆದು ಬಿಸಿಲೇರುವಾಗ. ಆಗಿನ ಒಣಹವೆಯಲ್ಲಿ ಸಕ್ಕರೆಯು ಚೆನ್ನಾಗಿ ಕೂಡುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಅದ್ದುವ ಎಣ್ಣೆ ಬೆರೆಸಿದ ದ್ರಾವಣದಲ್ಲಿ ಗೊಂಚಲುಗಳನ್ನು ಅದ್ದಿ, ನೆರಳಿನ ಜಾಳಿಗೆಗಳ ಮೇಲೆ ಹರಡಿದರೆ ಸುಮಾರು ಎರಡು ವಾರಗಳಲ್ಲಿ ಒಣಗುತ್ತವೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿಯಾಗುವುದು. ಶೀತವು ಶಾಂಪೇನಿಗೆ ನೊರೆಯನ್ನು ಕೊಟ್ಟಂತೆ, ಉರಿಬಿಸಿಲು ಈ ಸೀಮೆಗೆ ಒಣದ್ರಾಕ್ಷಿಯನ್ನು ಕೊಟ್ಟಿದೆ.

ಗ್ರಾಮಸ್ಥರು ಮಾಡತಕ್ಕದ್ದು

ಗುಣವು ಇದ್ದ ಮಾತ್ರಕ್ಕೆ ಹೆಸರು ಬರುವುದಿಲ್ಲ. ಭಾರತದಲ್ಲಿ ೧೯೯೯ರಲ್ಲಿ ಅಂಗೀಕಾರವಾಗಿ, ೨೦೦೩ರಿಂದ ಜಾರಿಯಲ್ಲಿರುವ ಭೌಗೋಳಿಕ ಗುರುತಿನ ಕಾಯಿದೆಯು ಊರಿನ ಹೆಸರಿಗೆ ರಕ್ಷಣೆ ಕೊಡುತ್ತದೆ. ಈ ಹಕ್ಕು ಒಬ್ಬ ಜಮೀನುದಾರನಿಗೆ ಸಲ್ಲತಕ್ಕದ್ದಲ್ಲ. ಬೆಳೆಗಾರರ ಸಂಘವೋ ಸಂಸ್ಥೆಯೋ ಅರ್ಜಿ ಕೊಡಬೇಕು. ಸೀಮೆಯ ನಕ್ಷೆ, ಮಾಲಿನ ವಿಶೇಷ ಗುಣ, ತಯಾರಿಸುವ ಕ್ರಮ, ತಪಾಸಣೆಯ ಏರ್ಪಾಡು ಇವುಗಳನ್ನು ಅರ್ಜಿಯಲ್ಲಿ ತೋರಿಸಬೇಕು. ನೋಂದಣಿಯು ಹತ್ತು ವರ್ಷಗಳದಾಗಿದ್ದು, ಮತ್ತೆ ನವೀಕರಿಸಬಹುದು. ಸಾಂಗಲಿಯ ಒಣದ್ರಾಕ್ಷಿಯು ಈ ಗುರುತನ್ನು ಪಡೆದಿದೆ; ಇದೇ ಜಿಲ್ಲೆಯ ಇಂಡಿಯ ಲಿಂಬೆಗೂ ಅದು ದೊರೆತಿದೆ.

ಕಾಯಿದೆಗಿಂತ ಮೊದಲು ಊರಿನೊಳಗಿನ ಶಿಸ್ತು ಅವಶ್ಯಕ. ಪ್ರತಿಯೊಬ್ಬ ಬೆಳೆಗಾರನು ಚಾಟಣಿಯ, ಔಷಧಿ ಹೊಡೆದ, ಕೊಯ್ದ ದಿನಗಳನ್ನು ಬರೆದಿಡತಕ್ಕದ್ದು. ಸಕ್ಕರೆ ತುಂಬದ ಹಣ್ಣನ್ನು ಅವಸರದಿಂದ ಕೊಯ್ದು ಒಣಗಿಸಬಾರದು. ಬಣ್ಣ, ಗಾತ್ರಗಳಿಗನುಸಾರವಾಗಿ ಮಾಲನ್ನು ವಿಂಗಡಿಸಿ, ಕೀಳು ಮಾಲನ್ನು ಮೇಲು ಮಾಲಿನಲ್ಲಿ ಬೆರೆಸದಿರಬೇಕು. ಬೇರೆ ಸೀಮೆಯ ಮಾಲನ್ನು ತನ್ನ ಊರಿನ ಹೆಸರಿನಲ್ಲಿ ಮಾರುವವನು ನೆರೆಯವನ ಹೊಲದ ಬದುವನ್ನು ಒತ್ತಿದವನಿಗೆ ಸಮಾನನು. ಅಂಥದನ್ನು ಗ್ರಾಮದ ಮುಖಂಡರು ಸಂಘದ ಮೂಲಕ ತಡೆಯಬೇಕು.

ಒಬ್ಬನ ಚಪ್ಪರವು ಅಕಾಲದ ಮಳೆಗೆ ಒಂದು ರಾತ್ರಿಯಲ್ಲಿ ಕೆಡಬಹುದು. ಮುಂದಿನ ವರ್ಷ ಮತ್ತೆ ಫಲ ಕೊಟ್ಟೀತು. ಸೀಮೆಯ ಹೆಸರು ಕೆಟ್ಟರೆ ಅದನ್ನು ಸರಿಪಡಿಸಲು ಒಂದು ತಲೆಮಾರು ಬೇಕಾಗುತ್ತದೆ. ಶಾಂಪೇನಿನವರು ದಂಗೆ, ಬೆಂಕಿಗಳನ್ನು ಕಂಡ ಮೇಲೆ ಕಲಿತ ಈ ಪಾಠವನ್ನು ಭೂತನಾಳ, ತಿಕೋಟಾ, ಬಬಲೇಶ್ವರಗಳ ರೈತರು ಸಂಘದ ಕಟ್ಟೆಯ ಮೇಲೆ ಕುಳಿತು, ಶಾಂತವಾಗಿ ವಿಚಾರಮಾಡಿ ಕಲಿಯಬಹುದಾಗಿದೆ.